ದಂತಧಾವನವೂ ಆತ್ಮಸಾಕ್ಷಿಯೂ

ನೋವು ಬಂದಾಗ ಔಷಧವನ್ನು ಅರಸುವುದು ಜೀವಸಹಜವಾದ ಗುಣ. ಅದಕ್ಕೆ ಯಾರ ಉಪದೇಶವೂ ಬೇಕಿಲ್ಲ. ನೋವೇ ಗುರುವಾಗಿ ಮನುಷ್ಯನನ್ನು ವೈದ್ಯನ ಬಾಗಿಲಿಗೆ ಕರೆದೊಯ್ಯುವುದು. ಆದರೆ ನೋವಿಲ್ಲದ ದಿನದಲ್ಲಿ, ಮುಂದೆಂದೋ ಬರಬಹುದಾದ ನೋವಿಗಾಗಿ, ಯಾರೂ ಕಾಣದ ಒಂದು ಸಣ್ಣ ಕೆಲಸವನ್ನು ದಿನವೂ ತಪ್ಪದೆ ಮಾಡುವುದು ಧರ್ಮವೋ, ದೇಹಮೋಹವೋ? ಹಲ್ಲುಗಳ ಆರೈಕೆಯಂತಹ ಅತಿ ಸಾಮಾನ್ಯವಾದ ವಿಷಯದಲ್ಲಿಯೇ ಈ ಪ್ರಶ್ನೆಯು ಸ್ಪಷ್ಟವಾಗಿ ಎದ್ದು ನಿಲ್ಲುವುದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಬೆಳಗಿನ ದಂತಧಾವನವು ಹಿರಿಯರಿಂದ ನಡೆದು ಬಂದ ಆಚಾರ. ಬೇವಿನ ಕಡ್ಡಿ, ಜಾಲಿಯ ಕಡ್ಡಿ, ಉಪ್ಪು, ಬೂದಿ ಹೀಗೆ ಅವರವರಿಗೆ ದೊರೆತ ಸಾಧನದಿಂದ ಬಾಯಿ ಶುದ್ಧಮಾಡಿಕೊಂಡು, ಮಿಂದು, ವಿಭೂತಿಯನ್ನು ಧರಿಸಿ ಲಿಂಗಪೂಜೆಗೆ ಕುಳಿತುಕೊಳ್ಳುವುದು ರೂಢಿ. “ನಮ್ಮ ಅಜ್ಜಂದಿರು ಪೇಸ್ಟನ್ನು ಕಾಣದೆಯೇ ಎಂಬತ್ತು ವರುಷ ರೊಟ್ಟಿ ಅಗಿದರು; ನಮಗೇಕೆ ಈ ಹೊಸ ಉಪಚಾರ?” ಎಂದು ಕೇಳುವವರುಂಟು. ಆ ಅಜ್ಜಂದಿರ ಬಾಯಿಗೆ ಬಿದ್ದುದು ಬಹುಮಟ್ಟಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಬೆಂಡು ಬತ್ತಾಸು ದೊರೆಯುತ್ತಿದ್ದುದು ಎಲ್ಲಮ್ಮನ ಗುಡ್ಡದ ಜಾತ್ರೆಯಂತಹ ದಿನಗಳಲ್ಲಿ ಮಾತ್ರ. ಇಂದು ಸಕ್ಕರೆಯ ಚಹಾ, ಬಿಸ್ಕೀಟು, ಚಾಕಲೇಟುಗಳು ದಿನಕ್ಕೆ ನಾಲ್ಕಾರು ಸಲ ಬಾಯಿ ಸೇರುವುವು. ಆಹಾರವು ಬದಲಾದ ಮೇಲೆ ಆಚಾರವೂ ಎಚ್ಚರಗೊಳ್ಳಬೇಕಾದುದು ನ್ಯಾಯ.

ಹಲ್ಲು ಹುಳುಕಾಗುವ ಬಗೆಯನ್ನು ತಿಳಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುವುದು. ಹುಳುಕನ್ನು ತರುವುದು ಕಣ್ಣಿಗೆ ಕಾಣುವ ಹುಳವಲ್ಲ. ಹಲ್ಲಿನ ಮೇಲೆ ದಿನವೂ ಕೂಡುವ ಅಂಟಾದ ಲೋಳೆಯ ಪದರದಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ವಾಸಿಸುವುವು. ನಾವು ತಿಂದ ಸಿಹಿಯೇ ಅವುಗಳ ಆಹಾರ. ಅದನ್ನು ಉಂಡು ಅವು ಆಮ್ಲವನ್ನು ಹುಟ್ಟಿಸುವುವು. ಆ ಆಮ್ಲವು ಹಲ್ಲಿನ ಗಟ್ಟಿಯಾದ ಹೊರಕವಚದಿಂದ ಸುಣ್ಣದ ಅಂಶವನ್ನು ಕರಗಿಸುವುದು. ಬಾಯಿಯ ಜೊಲ್ಲು ಆ ನಷ್ಟವನ್ನು ಮೆಲ್ಲಮೆಲ್ಲನೆ ತುಂಬುತ್ತಿರುವುದು. ಆದರೆ ಮೇಲಿಂದ ಮೇಲೆ ಸಿಹಿ ತಿನ್ನುವವನಲ್ಲಿ ತುಂಬುವುದಕ್ಕಿಂತ ಕರಗುವುದೇ ಹೆಚ್ಚಾಗುವುದು. ಅದೇ ಪದರವು ವಸಡಿನ ಅಂಚಿನಲ್ಲಿ ಉಳಿದುಕೊಂಡರೆ ಗಾರೆಯಂತೆ ಗಟ್ಟಿಯಾಗಿ, ವಸಡು ಊದಿ, ರಕ್ತ ಒಸರಿ, ಕೊನೆಗೆ ಹಲ್ಲಿನ ಬುಡವೇ ಸಡಿಲವಾಗುವುದು. ಇದೆಲ್ಲ ಬಹುಕಾಲ ನೋವಿಲ್ಲದೆಯೇ ನಡೆಯುವುದೆಂಬುದು ಗಮನಿಸತಕ್ಕ ಸಂಗತಿ. ನೋವು ಕಾಣಿಸುವ ಹೊತ್ತಿಗೆ ಕಳ್ಳನು ಮನೆಯ ನಡುವಿನ ಕೋಣೆಗೆ ಬಂದಿರುವನು.

ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲಿನ ರಕ್ಷಣೆಯೂ ಕುಂದುವುದು. ಆದುದರಿಂದ ಮಲಗುವ ಮುನ್ನ ಹಲ್ಲುಜ್ಜುವುದು ಬೆಳಗಿನದಕ್ಕಿಂತಲೂ ಮುಖ್ಯವೆಂದು ದಂತವೈದ್ಯರು ಹೇಳುವರು. ಆದರೆ ನಮ್ಮಲ್ಲಿ ಬೆಳಗಿನದನ್ನು ಬಿಡುವವರು ವಿರಳ. ರಾತ್ರಿಯದನ್ನು ಮಾಡುವವರೂ ಅಷ್ಟೇ ವಿರಳ. ಬೆಳಗಿನ ದಂತಧಾವನಕ್ಕೆ ಲೋಕವೇ ಸಾಕ್ಷಿ. ನಾಲ್ಕು ಜನರ ನಡುವೆ ಬಾಯಿ ತೆರೆಯಬೇಕು, ದುರ್ಗಂಧ ಬಂದರೆ ಮಾನ ಹೋಗುವುದೆಂಬ ಅಂಜಿಕೆಯುಂಟು. ರಾತ್ರಿಯದಕ್ಕೆ ಅಂತಹ ಸಾಕ್ಷಿಯಿಲ್ಲ, ಆತ್ಮಸಾಕ್ಷಿಯೊಂದೇ ಇರುವುದು. ಲೋಕ ಮೆಚ್ಚಲೆಂದು ಮಾಡುವ ಆಚಾರವನ್ನು ಶಿವಶರಣರು ಒಪ್ಪಲಿಲ್ಲ. ಕಾಣುವವರಿಲ್ಲದ ಕಡೆಯಲ್ಲಿಯೂ ತಪ್ಪದೆ ನಡೆಯುವುದೇ ನಿಜವಾದ ನೇಮ. ಇದರ ಫಲವೂ ಕಣ್ಣಿಗೆ ಬೀಳುವಂತಹುದಲ್ಲ. ಏನೂ ಕೇಡಾಗದಿರುವುದೇ ಇದರ ಫಲ. ಫಲವನ್ನು ಕಾಣದೆಯೂ ಕೆಲಸವನ್ನು ಬಿಡದಿರುವವನ ನಿಷ್ಠೆಯು ದೊಡ್ಡದಲ್ಲವೇ?

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಅಳಿದು ಹೋಗುವ ಕಾಯಕ್ಕೆ ಇಷ್ಟೊಂದು ಉಪಚಾರವೇಕೆ? ವಿರಕ್ತಿಯ ಮಾರ್ಗಕ್ಕೆ ಇದು ಅಡ್ಡಿಯಲ್ಲವೇ? ಶರಣರು ಶರೀರವನ್ನು ಮೋಹಿಸಲಿಲ್ಲವೆಂಬುದು ನಿಜ; ಹಾಗೆಂದು ಅದನ್ನು ಹಳಿದು ಹಾಳುಗೆಡವಲೂ ಇಲ್ಲ. ಷಟ್‌ಸ್ಥಲಶಾಸ್ತ್ರದಲ್ಲಿ ಆರು ಲಿಂಗಗಳಿಗೆ ಆರು ಮುಖಗಳನ್ನು ಹೇಳಿರುವರು. ಅವುಗಳಲ್ಲಿ ಗುರುಲಿಂಗಕ್ಕೆ ಜಿಹ್ವೆಯೇ ಮುಖ, ರುಚಿಯೇ ಅರ್ಪಿತ. ಯಾವ ಬಾಯಿಯಿಂದ ಪ್ರಸಾದವನ್ನು ಸ್ವೀಕರಿಸುವೆವೋ, ಯಾವ ನಾಲಗೆಯಿಂದ ಮಂತ್ರವನ್ನು ನುಡಿಯುವೆವೋ, ಅದನ್ನು ಕೊಳೆಯಲು ಬಿಡುವುದು ವೈರಾಗ್ಯವಲ್ಲ, ಉದಾಸೀನ. ಚೆಲುವಿಗಾಗಿ ಹಲ್ಲನ್ನು ಹೊಳೆಯಿಸುವುದು ಮೋಹವಾಗಬಹುದು. ಕಾಯಕಕ್ಕೆ ಬೇಕಾದ ಕಾಯವನ್ನು ಕೆಡದಂತೆ ಕಾಯುವುದು ಕರ್ತವ್ಯ. ಮಡಿವಾಳ ಮಾಚಯ್ಯನವರ ಕಾಯಕವಾದರೂ ಏನು? ಅಂದಂದಿನ ಕೊಳೆಯನ್ನು ಅಂದಂದೇ ತೊಳೆಯುವುದು. ಕೊಳೆಯು ಕಲೆಯಾಗಿ ನಿಂತ ಮೇಲೆ ಬಟ್ಟೆಯನ್ನು ಹರಿಯುವಂತೆ ಉಜ್ಜಿದರೂ ಅದು ಹೋಗದು.

ಮಲಪ್ರಭೆಯ ದಂಡೆಯವರಿಗೆ ಈ ಮಾತನ್ನು ಬೇರೊಬ್ಬರು ಹೇಳಬೇಕಿಲ್ಲ. ೨೦೧೯ರ ಆಗಸ್ಟಿನಲ್ಲಿ ನದಿಯು ಉಕ್ಕಿ ರಾಮದುರ್ಗದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ನೀರು ಹೊಸ್ತಿಲನ್ನು ಮುಟ್ಟುವ ಮುನ್ನ ಕಾಳಿನ ಚೀಲವನ್ನು ಅಟ್ಟಕ್ಕೇರಿಸುವುದು ಒಂದು ಗಳಿಗೆಯ ಕೆಲಸ. ನೆನೆದು ಮೊಳೆತ ಕಾಳನ್ನು ಮರಳಿ ಕಾಳಾಗಿಸುವುದು ಯಾರಿಂದಲೂ ಆಗದು. ಕಳೆದುಹೋದ ಶಾಶ್ವತ ಹಲ್ಲೂ ಅಂತೆಯೇ ಮರಳಿ ಹುಟ್ಟದು.

ತನ್ನ ಹಲ್ಲನ್ನು ಕಡೆಗಣಿಸಿದವನು ತಾನೇ ನೋಯುವನು. ಆದರೆ ಮಗುವಿನ ಹಲ್ಲನ್ನು ಕಡೆಗಣಿಸಿದರೆ ನೋಯುವವರು ಬೇರೆ, ತಪ್ಪಿತಸ್ಥರು ಬೇರೆ. ಹಾಲುಹಲ್ಲುಗಳು ೨೦, ಶಾಶ್ವತ ಹಲ್ಲುಗಳು ೩೨. ಸುಮಾರು ೬ನೆಯ ವಯಸ್ಸಿನಲ್ಲಿ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಮೂಡುವುದು. ಇದೂ ಬಿದ್ದುಹೋಗುವ ಹಾಲುಹಲ್ಲೇ ಎಂದು ಬಗೆದು ಎಷ್ಟೋ ಮಂದಿ ತಾಯಿತಂದೆಗಳು ಅದರ ಹುಳುಕನ್ನು ಲಕ್ಷಿಸುವುದಿಲ್ಲ. ಜೀವಮಾನವೆಲ್ಲ ರೊಟ್ಟಿ ಅಗಿಯಬೇಕಾದ ಹಲ್ಲು ಹೀಗೆ ಬಾಲ್ಯದಲ್ಲಿಯೇ ಹಾಳಾಗುವುದು. ಅಳುವ ಕೂಸನ್ನು ಸಂತೈಸಲು ಸಿಹಿಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವುದು ಪ್ರೀತಿಯಂತೆ ತೋರಿದರೂ ಪರಿಣಾಮದಲ್ಲಿ ಹಿಂಸೆಯೇ ಆಗಿದೆ. ಏಳೆಂಟು ವರುಷದವರೆಗೆ ಮಗುವಿನ ಕೈ ಹಿಡಿದು ಹಲ್ಲುಜ್ಜಿಸುವುದು ಹೆತ್ತವರ ಹೊಣೆ. ಮೂರು ವರುಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಅನಂತರ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟು ಸಾಕು.

ತಂಬಾಕಿನ ವಿಷಯವು ಇದಕ್ಕಿಂತಲೂ ಕಠಿಣವಾದುದು. ತಂಬಾಕನ್ನು ಹುರಿದು ಮಿಶ್ರಿಯೆಂದು ಹಲ್ಲಿಗೆ ತಿಕ್ಕುವ ರೂಢಿ ಬೆಳಗಾವಿಯ ಗಡಿನಾಡಿನಲ್ಲಿ ಹಳೆಯದು. ಶುದ್ಧಿಯ ಹೆಸರಿನಲ್ಲಿ ವಿಷವನ್ನು ಹಚ್ಚಿಕೊಂಡಂತೆ ಅದು. ಹಲ್ಲುಪುಡಿ ಪೇಸ್ಟುಗಳಲ್ಲಿ ತಂಬಾಕನ್ನು ಬೆರೆಸುವುದನ್ನು ಭಾರತ ಸರ್ಕಾರವು ೧೯೯೨ರಲ್ಲಿ ನಿಷೇಧಿಸಿತು; ಗುಟಕಾವನ್ನು ಕರ್ನಾಟಕ ಸರ್ಕಾರವು ೨೦೧೩ರಲ್ಲಿ ನಿಷೇಧಿಸಿತು. ಆದರೂ ಅಡಿಕೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವವರಿದ್ದಾರೆ. ಶಾಸನವು ಅಂಗಡಿಯನ್ನು ಕಾಯಬಲ್ಲುದು. ಅಂಗೈಯನ್ನು ಕಾಯುವುದು ಮನಸ್ಸಾಕ್ಷಿ ಮಾತ್ರ. ಬಾಯಿಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣಾಗಲಿ, ಬಿಳಿಯ ಇಲ್ಲವೆ ಕೆಂಪು ಕಲೆಯಾಗಲಿ ಕಂಡರೆ ನೋವಿಲ್ಲವೆಂದು ಸುಮ್ಮನಿರಬಾರದು.

ಬಡವನಿಗೆ ಇದೆಲ್ಲ ಸಾಧ್ಯವೇ ಎಂಬ ಪ್ರಶ್ನೆ ಉಳಿಯುವುದು. ರಾಮದುರ್ಗದ ನೇಕಾರನು ಮಗ್ಗವನ್ನು ನಿಲ್ಲಿಸಿ ವೈದ್ಯನಲ್ಲಿಗೆ ಹೋದರೆ ಅಂದಿನ ಗಳಿಕೆ ಹೋಯಿತು. ಬೆಳಗಾವಿಯಲ್ಲಿ ೧೯೮೫ರಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತವೈದ್ಯ ಮಹಾವಿದ್ಯಾಲಯವೂ, ಧಾರವಾಡದಲ್ಲಿ ೧೯೮೬ರಲ್ಲಿ ಎಸ್.ಡಿ.ಎಂ. ದಂತವೈದ್ಯ ಮಹಾವಿದ್ಯಾಲಯವೂ ಆರಂಭವಾದುವು. ಆದರೂ ಕೂಲಿಯವನಿಗೆ ದಾರಿಯ ಖರ್ಚೂ ಭಾರವೇ. ಆದುದರಿಂದಲೇ ಮುನ್ನೆಚ್ಚರಿಕೆಯು ಬಡವನ ಪಾಲಿನ ವೈದ್ಯವಾಗಿದೆ. ಮೆತ್ತನೆಯ ಒಂದು ಬ್ರಶ್ಶು, ಫ್ಲೋರೈಡ್ ಪೇಸ್ಟು, ಹೊತ್ತಿಗೆ ಎರಡು ನಿಮಿಷ, ಇಷ್ಟೇ ಅದರ ವೆಚ್ಚ. ಬೂದಿ ಇಟ್ಟಿಗೆಪುಡಿಗಳು ಕವಚವನ್ನು ಸವೆಸುವುದರಿಂದ ಅವನ್ನು ಬಿಡಬೇಕು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುವುದೆಂಬ ನಂಬಿಕೆಗೆ ಆಧಾರವಿಲ್ಲ.

ಇದು ಒಬ್ಬೊಬ್ಬನ ಹೊಣೆ ಮಾತ್ರವೂ ಅಲ್ಲ. ಅನ್ನವಿಕ್ಕಿ ಅಕ್ಷರ ಕಲಿಸುವ ಪ್ರಸಾದನಿಲಯಗಳ ಪರಂಪರೆ ಈ ನಾಡಿನದು. ರಾತ್ರಿ ಪ್ರಸಾದವಾದ ಮೇಲೆ ಅಲ್ಲಿಯ ಮಕ್ಕಳೆಲ್ಲರೂ ಸಾಲಾಗಿ ನಿಂತು ಹಲ್ಲುಜ್ಜಿ ಮಲಗುವಂತೆ ಏರ್ಪಡಿಸಿದರೆ ಅದೂ ದಾಸೋಹವೇ. ಉಣಬಡಿಸಿದ ಕೈಯು ಉಂಡ ಬಾಯಿಯ ಯೋಗಕ್ಷೇಮವನ್ನೂ ವಿಚಾರಿಸುವುದು ಯುಕ್ತ. ಇಂದಿನ ರಾತ್ರಿ ದೀಪವಾರಿಸುವ ಮುನ್ನ, ಯಾರೂ ನೋಡದಿರುವಾಗ, ಪ್ರತಿಯೊಬ್ಬ ಭಕ್ತನೂ ಈ ಸಣ್ಣ ನೇಮವನ್ನು ಕೈಕೊಳ್ಳಲಿ. ತನ್ನ ಮನೆಯ ಮಕ್ಕಳಿಗೂ ಅದನ್ನು ಕಲಿಸಲಿ.