ಸಹನೆಯ ವೆಚ್ಚ

ಕೊಪ್ಪಳ ಸೀಮೆಯ ಇರಕಲ್ಲಗಡದ ಸುತ್ತಲಿನ ಎರೆ, ಮಸಾರಿ ನೆಲಗಳಲ್ಲಿ, ಮಳೆಗಾಲವು ಅರ್ಧ ಸವೆದು ಸಜ್ಜೆಯು ಹೂವಾಡುವ ಹೊತ್ತಿಗೆ, ಗಾಳಿಯು ಸಾಲಿನಿಂದ ಸಾಲಿಗೆ ಹೊತ್ತೊಯ್ಯುವ ಹಳದಿಯ ಪುಡಿಯು ಬೆಳೆಗೆ ಗರ್ಭಾಧಾನವಾಗುವಂತೆಯೇ ಕೆಲವರ ಕಣ್ಣುಮೂಗುಗಳಿಗೆ ವ್ಯಾಧಿಯೂ ಆಗುವುದು. ಸಜ್ಜೆ, ಜೋಳ, ಮೆಕ್ಕೆಜೋಳಗಳೆಲ್ಲವೂ ಗರಿಕೆಯ ಕುಲಕ್ಕೇ ಸೇರಿದ ಹುಲ್ಲುಗಳು. ಆದುದರಿಂದ ಅನ್ಯದೇಶೀಯರು ಹುಲ್ಲುಗಾವಲಿನ ಪರಾಗವೆಂದು ದೂರುವ ವಸ್ತುವು ಇಲ್ಲಿ ಅನ್ನದ ಮೊದಲ ರೂಪವೇ ಆಗಿದೆ. ಸಾಲಿನಲ್ಲಿ ಬಾಗಿ ಕಳೆ ಕೀಳುವ ಹೆಣ್ಣುಮಗಳು ಸೆರಗನ್ನು ಮೂಗಿಗೆ ಬಿಗಿದು, ಒಂದರ ಬೆನ್ನಿಗೊಂದು ಸೀನು ಬರಲು, ಬೆರಳಿಗೆ ಅದೇ ಪುಡಿ ಮೆತ್ತಿರುವುದರಿಂದ ಕೆಂಪಾದ ಕಣ್ಣನ್ನು ಮೊಣಕೈಯಿಂದ ಒತ್ತಿಕೊಂಡು, ನೆಗಡಿಯೆಂದುಕೊಂಡು ಮುಂದಿನ ಸಾಲಿಗೆ ಸರಿಯುವಳು.

ಪರಾಗವು ವಿಷವಲ್ಲ, ರೋಗಾಣುವೂ ಅಲ್ಲ. ನಿರಪರಾಧಿಯಾದ ಅದನ್ನು ಶತ್ರುವೆಂದು ಭ್ರಮಿಸಿ ದೇಹವು ತಾನು ಹೂಡಿದ ಯುದ್ಧದಿಂದ ತಾನೇ ನೋಯುತ್ತದೆ. ಹಗ್ಗವೆಂದು ತಿಳಿದೊಡನೆ ವೇದಾಂತಿಯ ಹಾವು ಅಳಿಯುವುದು. ದೇಹಕ್ಕಾದರೋ ತಿಳಿವಳಿಕೆಯ ಮಾತು ಕೇಳಿಸದು, ಅದಕ್ಕೆ ಅಭ್ಯಾಸವೇ ಬೇಕು. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಲೆನರ್ಡ್ ನೂನ್ ಎಂಬ ವೈದ್ಯನು 1911ರಲ್ಲಿ, ತಿಮೋತಿ ಹುಲ್ಲಿನ ಪರಾಗಸಾರವನ್ನು ಚರ್ಮದಡಿ ಅಲ್ಪಾಲ್ಪವಾಗಿ ಚುಚ್ಚಿ, ಪ್ರಮಾಣವನ್ನು ಕ್ರಮೇಣ ಏರಿಸುತ್ತ, ದೇಹಕ್ಕೆ ಸಹನೆಯನ್ನು ಕಲಿಸುವ ಮಾರ್ಗವನ್ನು ಪ್ರಕಟಿಸಿದನು. ಈಗ ನಾಲಗೆಯಡಿಯ ಗುಳಿಗೆಯೂ ಬಂದಿದೆ. ಆದರೆ ಈ ಪಾಠಕ್ಕೆ ಮೂರು ವರ್ಷ ಬೇಕು. ಎರಡಕ್ಕೇ ನಿಲ್ಲಿಸಿದವರಲ್ಲಿ ಮರುವರ್ಷ ಫಲವು ಉಳಿಯಲಿಲ್ಲವೆಂದು 2017ರಲ್ಲಿ ಪ್ರಕಟವಾದ, ಲಂಡನ್ನಿನಲ್ಲೇ ನಡೆದ ಪರೀಕ್ಷೆಯೊಂದು ತೋರಿಸಿತು.

ಪ್ರಾಣ ತೆಗೆಯದ ರೋಗಕ್ಕೆ ಇಷ್ಟು ದೀರ್ಘವಾದ ವೆಚ್ಚವು ಸಲ್ಲುವುದೆ? ಪೂರ್ಣಾರೋಗ್ಯದ ಒಂದು ವರ್ಷವನ್ನು ಒಂದೆಂದು ಹಿಡಿದು, ಪೀಡೆಯ ವರ್ಷವನ್ನು ಅದಕ್ಕಿಂತ ಕಡಿಮೆಯೆಂದೆಣಿಸಿ, ಹೀಗೆ ಗಳಿಸಿದ ಒಂದು ಪೂರ್ಣ ವರ್ಷಕ್ಕೆ 20,000ದಿಂದ 30,000 ಪೌಂಡುಗಳೊಳಗೆ ವೆಚ್ಚ ಬಿದ್ದರೆ ಸಾರ್ವಜನಿಕ ಧನವನ್ನು ಕೊಡಬಹುದೆಂಬುದು ಇಂಗ್ಲೆಂಡಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಅಳತೆ. ಜೀವವನ್ನು ಹಣದಿಂದ ಅಳೆಯುವುದೆ ಎಂದು ನಮ್ಮ ಧಾರ್ಮಿಕರು ಮುಖ ತಿರುಗಿಸಿಯಾರು. ನನಗೇನೋ ಈ ಗಣಿತದಲ್ಲಿ ಪಾಪ ಕಾಣದು; ಸಾಯಿಸದ ನೋವಿಗೂ ಒಂದು ಅಂಕವನ್ನು ಕೊಟ್ಟಿರುವುದೇ ಅದರ ಪುಣ್ಯ.

ಇಂಥ ಗಣನೆಯು ನಮ್ಮ ನೆಲಕ್ಕೂ ಹೊಸದಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನು ಕೊರೆಯಿಸಿದ ಶಾಸನವು, ಧರ್ಮದ ಫಲವು ದೊಡ್ಡವರಿಗೆ ಮಾತ್ರವಲ್ಲದೆ ಶ್ರಮಿಸುವ ಅಲ್ಪನಿಗೂ ದೊರೆಯತಕ್ಕದ್ದೆಂದು ಸಾರುತ್ತದೆ. ಗಿರ್ನಾರ್ ಮೊದಲಾದೆಡೆಗಳಲ್ಲಿರುವ ಆತನದೇ ಇನ್ನೊಂದು ಶಾಸನವು, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನೇರ್ಪಡಿಸಿ, ಔಷಧಿಯ ಗಿಡಗಳಿಲ್ಲದೆಡೆಗೆ ಅವನ್ನು ತರಿಸಿ ನೆಡಿಸಿದುದನ್ನು ಹೇಳುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದರೆ, ಅಲ್ಪನ ಅಲ್ಪವಾದ ನೋವೂ ರಾಜ್ಯದ ಗಣನೆಗೆ ಸೇರಿದ್ದೆಂದೇ ನಾನು ತಿಳಿಯುತ್ತೇನೆ. ತಿತಿಕ್ಷೆಯನ್ನು, ಎಂದರೆ ನೋವನ್ನು ದೂರದೆ ಸಹಿಸುವುದನ್ನು, ಸಾಧನಸಂಪತ್ತಿನಲ್ಲಿ ಎಣಿಸಿದ ನಾಡಿನಲ್ಲಿ ಸೀನಿಗೆ ಇಷ್ಟು ಸಂಭ್ರಮವೇಕೆಂದು ಕೇಳುವವರುಂಟು. ಹಾಗೆ ಕೇಳುವವರು ಸಾಮಾನ್ಯವಾಗಿ ಹೊಲದಲ್ಲಿ ನಿಂತವರಲ್ಲ. ತಿತಿಕ್ಷೆಯು ಸಾಧಕನು ತನಗೆ ತಾನೇ ವಿಧಿಸಿಕೊಳ್ಳುವ ವ್ರತ. ಖರ್ಚುಳಿಸಲೆಂದು ಅದನ್ನು ಕೂಲಿಯವಳ ತಲೆಗೆ ಕಟ್ಟುವ ಅಧಿಕಾರವು ಯಾರಿಗೂ ಇಲ್ಲ.

ಹಾಗೆಂದು ಚುಚ್ಚುಮದ್ದನ್ನು ಊರೂರಿಗೆ ಹಂಚಬೇಕೆಂದಲ್ಲ. ತಿಮೋತಿಯು ಶೀತದೇಶದ ಹುಲ್ಲು. ಅದರಿಂದ ಪಾಠ ಕಲಿತ ದೇಹವು ಸಜ್ಜೆ, ಜೋಳಗಳ ಪರಾಗವನ್ನೂ ಅಷ್ಟೇ ಚೆನ್ನಾಗಿ ಸಹಿಸೀತೆಂದು ನಂಬಲಾಗದ್ದರಿಂದ, ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಎತ್ತಿಡುವಂತಿಲ್ಲ. ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿ, ಮೂಗಿಗೆ ಸಿಂಪಡಿಸುವ ಔಷಧ, ಇವು ಮೊದಲು. ಇವುಗಳಿಗೂ ಬಗ್ಗದವರಿಗೆ ಮಾತ್ರ ಆ ದೀರ್ಘ ಚಿಕಿತ್ಸೆ. ಆಗಲೂ ಲೆಕ್ಕ ಬರೆಯುವವನು ಸೀಸೆಯ ಬೆಲೆಗೇ ನಿಲ್ಲಬಾರದು: ಪ್ರತಿ ಚುಚ್ಚುವಿಕೆಗೂ ಕೊಪ್ಪಳದ ಬಸ್ಸು, ಮೈಯಲ್ಲಿ ಅಪಾಯವೇನೂ ಏಳದೆಂದು ಖಚಿತವಾಗುವವರೆಗೆ ಆಸ್ಪತ್ರೆಯಲ್ಲಿ ಕಾಯಬೇಕಾದ ಅರ್ಧ ಗಂಟೆ, ಆ ದಿನ ತಪ್ಪಿದ ಕೂಲಿ, ಇವೆಲ್ಲವೂ ಮೂರು ವರ್ಷಗಳ ಉದ್ದಕ್ಕೆ ಬರುವಂಥವು. ಕೂಲಿ ತಪ್ಪುವುದೆಂದು ಎರಡನೆಯ ವರ್ಷಕ್ಕೇ ಬಿಟ್ಟವಳ ಮೇಲೆ ಮಾಡಿದ ವೆಚ್ಚವು ಬಹುಮಟ್ಟಿಗೆ ವ್ಯರ್ಥವಾಗುವುದರಿಂದ, ಆ ಕೂಲಿಯನ್ನು ಔಷಧದ ಅಂಗವೆಂದೇ ಬಗೆದು ಸರ್ಕಾರವು ಭರಿಸುವುದು, ಬರೀ ಲೆಕ್ಕದ ದೃಷ್ಟಿಯಿಂದ ನೋಡಿದರೂ, ಅಗ್ಗವಾಗಿಯೇ ತೋರೀತು.