ಅತಿಥಿಯ ಋಣ

ಪಾಂಡವಪುರದ ಬಸ್ ನಿಲ್ದಾಣದಲ್ಲಿ ಹೋಟೆಲ್ ಎಲ್ಲಿದೆ ಎಂದು ಕೇಳಿದರೆ ಜನ ಇಡ್ಲಿ, ಕಾಫಿ ಸಿಗುವ ಜಾಗ ತೋರಿಸುತ್ತಾರೆ. ಅರಮನೆಯಂಥ ಹೋಟೆಲು ನೋಡಬೇಕೆಂದರೆ ಕೆಆರ್‌ಎಸ್‌ಗೆ ಹೋಗಬೇಕು. ಮಹಾರಾಜರ ಕಾಲದಲ್ಲಿ ಅತಿಥಿಗಳಿಗಾಗಿ ಎದ್ದ ಅಲ್ಲಿನ ಕಟ್ಟಡ ಬಹುಕಾಲ ‘ಹೋಟೆಲ್ ಕೃಷ್ಣರಾಜಸಾಗರ’ ಎಂದೇ ಹೆಸರಾಗಿತ್ತು. ಎದುರಿಗೆ ಬೃಂದಾವನದ ಕಾರಂಜಿಗಳು.

ಇಂಥ ಕಟ್ಟಡಗಳ ಚರಿತ್ರೆ ಬರೆಯಲು ನಮಗೊಂದು ರೂಢಿಯಿದೆ: ಯಾರು ಕಟ್ಟಿಸಿದರು, ಯಾರು ತಂಗಿದರು. ಮೈಸೂರಿನ ಲಲಿತ ಮಹಲ್ ಎಂದರೆ 1921ರಲ್ಲಿ ವೈಸರಾಯ್ ಅವರಿಗಾಗಿ ಅಡಿಗಲ್ಲು, 1974ರಲ್ಲಿ ಹೋಟೆಲು. ಚರಿತ್ರೆ ಅತಿಥಿಗಳ ಪಟ್ಟಿಯಾಗಿಬಿಡುತ್ತದೆ. ಕೆಆರ್‌ಎಸ್‌ನಲ್ಲಿ ಮಾತ್ರ ಇನ್ನೊಂದು ಪಟ್ಟಿಯೂ ಬೇಕು, ಎದ್ದು ಹೋದವರದು. 1911ರಲ್ಲಿ ಶುರುವಾದ ಅಣೆಕಟ್ಟೆ ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ನೀರು ಏರಿದಂತೆ ಕನ್ನಂಬಾಡಿಯೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿಯೂ ನೀರಿನ ಪಾಲಾಯಿತು. ಕಟ್ಟೆಯ ಈಚೆ ಉದ್ಯಾನ, ಆಚೆ ಮುಳುಗಿದ ಊರು. ನಡುವಿನ ಗೋಡೆಯಿಂದಾಗಿ ಅತಿಥಿಗೆ ಒಂದೇ ಕಡೆ ಕಾಣುತ್ತದೆ.

ಇನ್ನೊಬ್ಬರು ಕಳೆದುಕೊಂಡದ್ದರಿಂದ ಹುಟ್ಟಿದ ಚೆಲುವನ್ನು ಸವಿಯುವುದು ತಪ್ಪೇ?

‘ಆ ನೀರಿನಿಂದಲೇ ಮಂಡ್ಯ ಹಸಿರಾಯಿತಲ್ಲ’ ಎನ್ನುತ್ತಾರೆ. ನಿಜ, ನಮ್ಮ ತಟ್ಟೆಯ ಅನ್ನವೂ ಆ ನೀರಿನದೇ. ಆದರೆ ಲಾಭ ಪಡೆದವರು ಒಳ್ಳೆಯದಾಯಿತು ಎಂದರೆ ಕಳೆದುಕೊಂಡವರು ಒಪ್ಪಿದಂತಾಗುವುದಿಲ್ಲ. ಸಾಲ ಮಾಡಿದವನೇ ತನ್ನ ಸಾಲ ಮನ್ನಾ ಮಾಡಿಕೊಂಡಂತೆ ಅದು. ಹಾಗೆಂದು ಅಲ್ಲಿ ಕಾಲಿಡುವುದೇ ಪಾಪ ಎನ್ನುವುದೂ ಸುಲಭದ ಮಾತು. ನಾನು ಹೋಗದಿದ್ದ ಮಾತ್ರಕ್ಕೆ ಮುಳುಗಿದ ಮನೆ ಮೇಲೇಳದು. ಅಲ್ಲಿ ದುಡಿಯುವವರ ಸಂಬಳಕ್ಕೆ ಕಲ್ಲು ಬೀಳಬಹುದು, ಅಷ್ಟೆ.

ಉತ್ತರ ‘ಅತಿಥಿ’ ಎಂಬ ಮಾತಿನಲ್ಲೇ ಇದೆ ಅನಿಸುತ್ತದೆ. ನಮ್ಮ ಕಡೆ ನೆಂಟರು ಬಂದರೆ ಕೈಕಾಲು ತೊಳೆದು ಕೂತವರೇ ಮನೆಯವರನ್ನೆಲ್ಲ ವಿಚಾರಿಸುತ್ತಾರೆ. ಕಣ್ಣಿಗೆ ಬೀಳದವರು ಎಲ್ಲಿ ಹೋದರೆಂದು ಕೇಳುತ್ತಾರೆ. ಉಪಚಾರ ಪಡೆಯುವವನಿಗೂ ಒಂದು ಕರ್ತವ್ಯವಿದೆ. ಹೋಟೆಲು ಅದರಿಂದ ನಮ್ಮನ್ನು ಬಿಡುಗಡೆ ಮಾಡುತ್ತದೆ: ಬಿಲ್ಲು ಕೊಟ್ಟರೆ ಲೆಕ್ಕ ಚುಕ್ತಾ. ಋಣ ಮಾತ್ರ ಬಿಲ್ಲಿನಲ್ಲಿ ಬರುವುದಿಲ್ಲ. ಹಿಂದಿನವರ ತಪ್ಪಿಗೆ ನಾವು ಹೊಣೆಯಲ್ಲದಿರಬಹುದು, ಆದರೆ ವಿಚಾರಿಸದೆ ಇರುವುದು ನಮ್ಮದೇ ತಪ್ಪು.

ಮುಳುಗಿದ ಗುಡಿಯ ಕಲ್ಲುಗಳನ್ನು ಬಿಚ್ಚಿ ತಂದು ಪಾಂಡವಪುರ ತಾಲ್ಲೂಕಿನ ಹೊಸಕನ್ನಂಬಾಡಿಯಲ್ಲಿ, ಹಿನ್ನೀರಿನ ದಂಡೆಯ ಮೇಲೆ, ಮತ್ತೆ ನಿಲ್ಲಿಸಿದ್ದಾರೆ. ದೇವರಿಗೆ ಮನೆ ಮರಳಿ ಸಿಕ್ಕಿತು. ಒಕ್ಕಲುಗಳ ಜಗಲಿ, ಕಣ, ಬಾವಿಗಳಿಗೆ ಆ ಭಾಗ್ಯವಿಲ್ಲ. ಅವಕ್ಕೆ ಉಳಿದಿರುವುದು ನೆನಪು ಮಾತ್ರ. ಆದ್ದರಿಂದ ಆ ಹೋಟೆಲಿನ ಚರಿತ್ರೆ ಬರೆಯುವವರು ಮಹಾರಾಜರಿಂದ ಶುರುಮಾಡದೆ, ಕನ್ನಂಬಾಡಿಯಿಂದ ಶುರುಮಾಡಲಿ.