ಸೊಂಟದ ಮೇಲಿನ ಕೂಸು

ಕೂಸನ್ನು ಕಂಕುಳಲ್ಲಿ ಎತ್ತಿಕೊಂಡಳು ಎನ್ನುತ್ತೇವೆ. ನೋಡಿದರೆ ಕಂಕುಳು ಅಲ್ಲಿ ಮಾಡುವ ಕೆಲಸ ಅಷ್ಟಕ್ಕಷ್ಟೆ. ಭಾರವೆಲ್ಲ ಬೀಳುವುದು ಸೊಂಟದ ಮೇಲೆ. ಹೆಸರು ಮಾತ್ರ ಕಂಕುಳಿನದು. ಸಂಸಾರದಲ್ಲಿ ಇಂಥದ್ದು ಹೊಸದೇನಲ್ಲ ಬಿಡಿ. ಆದರೆ ನನಗೆ ಇದು ಹೊಳೆದದ್ದು 1994ರ ಮಳೆಗಾಲದಲ್ಲಿ, ಸಾಗರದ ನಮ್ಮ ಮನೆಯ ಬಚ್ಚಲಿನಲ್ಲಿ.

ತವರಿನಲ್ಲಿ ಬಾಣಂತನ ಚೆನ್ನಾಗಿಯೇ ನಡೆದಿತ್ತು. ಅಮ್ಮ ಮೈತುಂಬ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರನ್ನು ಬೆನ್ನಿಗೆ ರಪರಪನೆ ಹೊಯ್ದು, ಹಳೆಯ ಹತ್ತಿಸೀರೆಯಿಂದ ಹೊಟ್ಟೆ ಬಿಗಿದು ಮಲಗಿಸುತ್ತಿದ್ದಳು. ಐದನೇ ತಿಂಗಳಿಗೆ ಗಂಡನ ಮನೆಗೆ ಬಂದೆ. ಹುಟ್ಟಿದಾಗ ಮೂರು ಕಿಲೋ ಇದ್ದ ಮಗಳು ಆಗಲೇ ಆರೂವರೆ ಕಿಲೋ. ಜಡಿಮಳೆ. ಒಣಗದ ಲಂಗೋಟಿಗಳು. ಬಗ್ಗಿ ಎತ್ತುವುದು, ಬಗ್ಗಿ ಮಲಗಿಸುವುದು, ಕೂತು ಹಾಲೂಡುವಾಗ ಅದರ ಮೇಲೆಯೇ ಕಮಾನಿನಂತೆ ಬಾಗುವುದು. ವಾರದೊಳಗೆ ಸೊಂಟದ ಎಡಗಡೆ ಯಾರೋ ಹಾರೆ ಇಟ್ಟು ಮೀಟಿದ ಹಾಗೆ ಆಗತೊಡಗಿತು.

ಒಂದು ದಿನ ಲೆಕ್ಕ ಹಾಕಿದೆ. ಬೆಳಗಿನಿಂದ ರಾತ್ರಿಯವರೆಗೆ ಮಗುವನ್ನು ನಲವತ್ತು ಸಲ ಎತ್ತಿದ್ದೆ. ಆರೂವರೆಯನ್ನು ನಲವತ್ತರಿಂದ ಗುಣಿಸಿದರೆ 260 ಕಿಲೋ. ಎರಡೂವರೆ ಕ್ವಿಂಟಲ್ ಅಕ್ಕಿಗಿಂತ ಹೆಚ್ಚಾಯಿತು! ಗಂಡನಿಗೆ ಹೇಳಿದರೆ, “ಅಷ್ಟನ್ನೂ ಒಟ್ಟಿಗೇ ಎತ್ತಿಲ್ಲವಲ್ಲ” ಎಂದರು. ಲೆಕ್ಕದಲ್ಲಿ ಅವರು ಎಂದೂ ಗಟ್ಟಿಗರು. ವೈದ್ಯರೊಬ್ಬರು ನನ್ನ ಬೆನ್ನು ಮುಟ್ಟಿಯೂ ನೋಡದೆ, “ಬಾಣಂತಿಯರಿಗೆಲ್ಲ ಇದ್ದದ್ದೇ” ಎಂದರು. ಅತ್ತೆಯವರದು ಇನ್ನೊಂದು ಬಗೆ. “ಆರು ಮಕ್ಕಳನ್ನು ಸಾಕಿದೆ. ನನಗೆ ಸೊಂಟ ಅಂತ ಒಂದು ಇದೆ ಅನ್ನೋದೇ ಗೊತ್ತಾಗಿರಲಿಲ್ಲ.”

ಆ ಮಾತು ನನ್ನ ಬಾಯಿ ಕಟ್ಟಿಸಿತು. ಸೊಂಟವಿರುವುದು ಗೊತ್ತಾಗದೆ ಇರುವುದೇ ಒಳ್ಳೆಯ ತಾಯಿಯ ಲಕ್ಷಣ ಎಂದು ನಾನೂ ನಂಬಿದೆ. ಹೆಣ್ಣಿಗೆ ಭೂಮಿತಾಯಿಯ ಸಹನೆ ಇರಬೇಕೆಂದು ಕೇಳುತ್ತಲೇ ಬೆಳೆದವರಲ್ಲವೆ ನಾವು? ನೋವನ್ನು ನುಂಗಿ ಮಗುವನ್ನು ಎತ್ತಿದಾಗಲೆಲ್ಲ, ನಿಜ ಹೇಳುತ್ತೇನೆ, ಒಳಗೊಳಗೇ ಒಂದು ಹೆಮ್ಮೆ ಕೂಡ ಆಗುತ್ತಿತ್ತು.

ಆ ಹೆಮ್ಮೆಯಲ್ಲೇ ಒಂದು ಬೆಳಿಗ್ಗೆ ಮಗುವಿಗೆ ನೀರು ಹಾಕಲು ಕೂತೆ. ಮಣೆಯ ಮೇಲೆ ಕೂತು, ಕಾಲು ಚಾಚಿ, ಕಾಲ ಮೇಲೆ ಅದನ್ನು ಬೋರಲು ಮಲಗಿಸಿ, ಎಲ್ಲ ಸರಿಯಾಗಿಯೇ ಆಯಿತು. ಟವಲಿನಲ್ಲಿ ಸುತ್ತಿ ಏಳಹೋದಾಗ ಸೊಂಟ ಹಿಡಿದುಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೈ ಸಡಿಲಾಯಿತು. ಎಣ್ಣೆಮೈಯ ಕೂಸು ಟವಲಿನಿಂದ ಜಾರಿತು. ನಾನು ಗೋಡೆಗೆ ಬಿದ್ದೆ, ಅದು ನನ್ನ ತೊಡೆಯ ಮೇಲೆ ಬಿತ್ತು. ಒಂದು ಗೇಣು ಆಚೆ ಹಂಡೆಯ ಒಲೆ, ಕೆಂಡ. ಮಗು ಏನೋ ಆಟವೆಂದು ನಕ್ಕಿತು.

ಯಾರಿಗೂ ಹೇಳಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ನೋವು ನನ್ನ ಆಸ್ತಿ, ಸಹಿಸುವುದೂ ಬಿಡುವುದೂ ನನಗೆ ಸೇರಿದ್ದು ಎಂದುಕೊಂಡಿದ್ದೆ. ಕೈಯಲ್ಲಿ ಮಗುವಿದ್ದಾಗ ಅದು ನನ್ನೊಬ್ಬಳದೇ ಆಗಿರಲು ಹೇಗೆ ಸಾಧ್ಯ? ನಾನು ಸಹನೆ ಎಂದು ಕರೆದದ್ದಕ್ಕೆ ಆ ಕೂಸನ್ನು ಒತ್ತೆಯಿಟ್ಟಿದ್ದೆ, ಅದರ ಒಪ್ಪಿಗೆ ಕೇಳದೆ. ನಾನು ಸಹಿಸುತ್ತಿದ್ದದ್ದು ಮಗುವಿಗಾಗಿಯೋ, ಅತ್ತೆಯವರ ಕಣ್ಣಿಗಾಗಿಯೋ? ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ನಾಚಿಕೆಯಾಯಿತು.

ಮರುದಿನ ಅತ್ತೆಯವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಸುಮ್ಮನೆ ಸೆರಗು ಸಿಕ್ಕಿಸಿ ಮಗುವನ್ನು ಬಚ್ಚಲಿಗೆ ಎತ್ತಿಕೊಂಡು ಹೋದರು. ಹದಿನೈದು ದಿನ ಕಳೆದ ಮೇಲೆ, ರಾತ್ರಿ ನೀರು ಕುಡಿಯಲು ಎದ್ದವಳು ನೋಡುತ್ತೇನೆ, ಕತ್ತಲಲ್ಲಿ ಕೂತು ತಮ್ಮ ಸೊಂಟಕ್ಕೆ ತಾವೇ ನೋವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ. ಗೊತ್ತೇ ಇಲ್ಲದ ಸೊಂಟಕ್ಕೆ!

ಆಮೇಲೆ ನೀರು ಹಾಕಲು ಒಬ್ಬಾಕೆಯನ್ನು ಗೊತ್ತು ಮಾಡಿದೆವು. ಬೆಳಗಿನ ಹೊತ್ತು ನಾಲ್ಕು ಮನೆಗಳಲ್ಲಿ ಬಾಣಂತಿಯರಿಗೆ, ಕೂಸುಗಳಿಗೆ ನೀರು ಹಾಕಿ ಬರುತ್ತಿದ್ದಳು. ಐವತ್ತು ದಾಟಿದ ಜೀವ. ಒಂದು ದಿನ ಕೇಳಿದೆ, “ನಿನಗೆ ಸೊಂಟ ನೋಯಲ್ವಾ?” ಆಕೆ ತಲೆಯೆತ್ತದೆ ಹೇಳಿದಳು: “ನೋಯ್ತದೆ ಅಮ್ಮಾ. ಹೇಳಿದ್ರೆ ನಾಳೆ ಯಾರು ಕರೀತಾರೆ?”

ನನ್ನ ನೋವು ಎಲ್ಲಿಗೂ ಹೋಗಿರಲಿಲ್ಲ. ಸೊಂಟ ಬದಲಿಸಿತ್ತು, ಅಷ್ಟೆ. ನಾನು ನೋವು ಹೇಳಿಕೊಂಡರೆ ಮಗು ಉಳಿಯುತ್ತದೆ, ಆಕೆ ಹೇಳಿಕೊಂಡರೆ ಕೂಲಿ ಹೋಗುತ್ತದೆ. ಬಚ್ಚಲಿಗೆ ಎತ್ತರದ ಮಣೆ ಮಾಡಿಸಿದೆ. ಎದ್ದು ನಿಲ್ಲುವಾಗ ಮಗುವನ್ನು ನಾನು ತೆಗೆದುಕೊಳ್ಳುತ್ತಿದ್ದೆ. ಕೆಲಸಕ್ಕೆ ಮೊದಲೇ ಕಾಫಿ, ತಿಂಡಿ ಕೊಟ್ಟೆ. ಲೆಕ್ಕ ಚುಕ್ತಾ ಆಯಿತೆಂದು ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ಆ ಮಗಳಿಗೇ 2024ರಲ್ಲಿ ಬೆಂಗಳೂರಿನಲ್ಲಿ ಸಿಸೇರಿಯನ್ ಆಗಿ ಗಂಡುಮಗು ಹುಟ್ಟಿತು. ನಮ್ಮ ಬಂಧುಬಳಗವೆಲ್ಲ ಅವಳ ಸೊಂಟನೋವಿಗೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನೇ ಕಾರಣವೆಂದು ತೀರ್ಪು ಕೊಟ್ಟರು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಆದರೆ ವರ್ಷಗಟ್ಟಲೆಯ ನೋವಿಗೆ ಅದು ಕಾರಣವೆನ್ನಲು ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲವಂತೆ. ಫಿಸಿಯೋಥೆರಪಿಯ ಹುಡುಗಿ ಬೇರೆಯೇ ಕಥೆ ಹೇಳಿದಳು. ಬಸುರಿನಲ್ಲಿ ರಿಲ್ಯಾಕ್ಸಿನ್ ಮುಂತಾದ ಹಾರ್ಮೋನುಗಳು ಸೊಂಟದ ಕೀಲುಗಳ ಕಟ್ಟನ್ನು ಸಡಿಲಿಸುತ್ತವೆ. ಹೊಟ್ಟೆಯ ಸ್ನಾಯುಗಳು ಹಿಗ್ಗಿ ನಡುವೆ ಅಗಲಗೊಂಡಿರುತ್ತವೆ. ಅವು ಸರಿಹೋಗಲು ತಿಂಗಳುಗಳೇ ಬೇಕು. ಕೈ ಚಾಚಿ ಎತ್ತಿದರೆ ಬೆನ್ನಿಗೆ ಬೀಳುವ ಭಾರ ಹಲವು ಪಟ್ಟಾಗುತ್ತದೆ, ಆದ್ದರಿಂದ ಮಂಡಿ ಮಡಿಸಿ, ಮಗುವನ್ನು ಎದೆಗೆ ಒತ್ತಿಕೊಂಡು ಏಳಬೇಕು. ಮೊಲೆಯನ್ನು ಮಗುವಿನ ಬಳಿಗೆ ಒಯ್ಯಬಾರದು, ದಿಂಬು ಇಟ್ಟು ಮಗುವನ್ನೇ ಮೊಲೆಯ ಬಳಿಗೆ ತರಬೇಕು. ಕಾಲು ಜೋಮು ಹಿಡಿದು ಬಲ ತಪ್ಪಿದರೆ, ಮೂತ್ರದ ಹಿಡಿತ ಹೋದರೆ ಅದು ಬಾಣಂತಿಯ ಮಾಮೂಲಿ ನೋವಲ್ಲ, ಅಂದೇ ಆಸ್ಪತ್ರೆಗೆ ಓಡಬೇಕು. ಇಷ್ಟನ್ನು ನನಗೆ 1994ರಲ್ಲಿ ಯಾರಾದರೂ ಹೇಳಿದ್ದರೆ!

ಆದರೆ ತಿಳಿವಳಿಕೆ ಬಂದಷ್ಟು ಬೇಗ ಸ್ವಭಾವ ಬದಲಾಗುವುದಿಲ್ಲ. ಮಗಳು ಬೆನ್ನು ನೇರ ಮಾಡಿ ನೆಲದ ಮೇಲೆ ಮಲಗಿ, “ಎರಡು ನಿಮಿಷ ಅಳಲಿ ಅಮ್ಮಾ, ನನ್ನ ಕೈಲಿ ಆಗ್ತಿಲ್ಲ” ಎನ್ನುತ್ತಾಳೆ. ಅಳಿಯ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬರುತ್ತಾನೆ. ನನಗೆ ಸಂತೋಷವಾಗಬೇಕು. ಆದರೆ ಮೊದಲು ಬರುವುದು ಸಿಟ್ಟು. ‘ನಾವೆಲ್ಲ ಸಾಕಲಿಲ್ಲವೆ’ ಎಂಬ ಅತ್ತೆಯವರ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದು ಕೂತಿರುತ್ತದೆ. ಅದು ಸಿಟ್ಟೋ, ಹೊಟ್ಟೆಕಿಚ್ಚೋ ಎಂದು ಇನ್ನೂ ಬಿಡಿಸಿ ನೋಡಿಲ್ಲ.

ಮೊನ್ನೆ ಅಳಿಯ ಊರಲ್ಲಿರಲಿಲ್ಲ. ಮಗು ಅತ್ತಿತು. ನಾನೇ ಬಗ್ಗಿ ಎತ್ತಿಕೊಂಡೆ. ಈಗ ಅವನು ಒಂಬತ್ತು ಕಿಲೋ. ಮಗಳು ಮಲಗಿದಲ್ಲಿಂದಲೇ ಕೇಳಿದಳು, “ಅಮ್ಮಾ, ನಿನ್ನ ಸೊಂಟ?”

“ನನಗೇನಾಗಿದೆ, ಚೆನ್ನಾಗಿದ್ದೀನಿ” ಎಂದೆ.